ರಸ್ತೆ ದಾಟುವವರಿಗೊಬ್ಬ ಮಂತ್ರಿ

ಈ ಸಲದ ಇ-ಸ್ಮರಣ ಸಂಚಿಕೆಗೆ ಯಾರಾದರೊಬ್ಬರ ಜೀವನಚಿತ್ರ ಬರೆದುಕೊಡಿ ಎಂದು ನಮ್ಮ ಮಹಿಳಾ ವೇದಿಕೆಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂದ ಅರ್ಧ ಗಂಟೆಯೊಳಗೆ ಅಕ್ಕಮಹಾದೇವಿ, ಕಿತ್ತೂರು ಚೆನ್ನಮ್ಮ, ಸಾವಿತ್ರಿಬಾಯಿ ಫುಲೆ ಮೂವರೂ ಬೇರೆಯವರ ಪಾಲಾಗಿದ್ದರು. ನಾನು ಹೇಳಿದ ಹೆಸರು ಕೇಳಿ ಸಂಪಾದಕ ಮಂಡಳಿಯ ಅಕ್ಕ ಯಾರಮ್ಮ ಅದು ಎಂದು ಎರಡು ಸಲ ಕೇಳಿದರು. ಲೆಸ್ಲಿ ಹೋರ್-ಬೆಲಿಷಾ. 1934ರಿಂದ 1937ರವರೆಗೆ ಬ್ರಿಟನ್ನಿನ ಸಾರಿಗೆ ಮಂತ್ರಿಯಾಗಿದ್ದವರು. ಅವರ ದೇಶದಲ್ಲಿ ಇವತ್ತಿಗೂ ಮಕ್ಕಳ ಬಾಯಲ್ಲೂ ಅವರ ಹೆಸರಿದೆ, ಆದರೆ ಮನುಷ್ಯನ ಹೆಸರಾಗಿ ಅಲ್ಲ, ರಸ್ತೆ ಬದಿಯ ಒಂದು ದೀಪದ ಕಂಬದ ಹೆಸರಾಗಿ.

ನಾನು ಸಾಫ್ಟ್‌ವೇರ್ ಕೆಲಸದವಳು. ನಮ್ಮಲ್ಲಿ ಒಂದು ಪಾಠವನ್ನು ಮೊದಲ ವರ್ಷದಲ್ಲೇ ಕಲಿಸುತ್ತಾರೆ. ನೂರು ಜನ ಬಳಕೆದಾರರು ಒಂದೇ ಬಟನ್ನನ್ನು ತಪ್ಪಾಗಿ ಒತ್ತುತ್ತಿದ್ದರೆ ಆ ನೂರು ಜನರಿಗೆ ಬುದ್ಧಿ ಹೇಳಲು ಹೋಗಬೇಡ, ಬಟನ್ ಇರುವ ಜಾಗ ನೋಡು ಅಂತ. ಬೆಲಿಷಾ ಅವರ ಕಥೆ ಓದುವಾಗ ನನಗೆ ಮತ್ತೆ ಮತ್ತೆ ಅದೇ ನೆನಪಾಗುತ್ತಿತ್ತು. ಅವರು ಎಂಜಿನಿಯರ್ ಆಗಿರಲಿಲ್ಲ, ವಕೀಲರು, ಪತ್ರಿಕೆಗಳಿಗೆ ಬರೆಯುತ್ತಿದ್ದವರು, ಒಳ್ಳೆ ಮಾತುಗಾರರು. ಆದರೂ ರಸ್ತೆಯಲ್ಲಿ ಸತ್ತವರನ್ನು ಬೈಯುವುದು ಬಿಟ್ಟು ರಸ್ತೆಯನ್ನೇ ಬದಲಾಯಿಸಬೇಕು ಎಂದು ಹೊರಟ ಮೊದಲ ಮಂತ್ರಿಗಳಲ್ಲಿ ಒಬ್ಬರು.

ಅವರ ಕಥೆಗೆ ಮುಂಚೆ ಇನ್ನೊಬ್ಬ ಹೆಣ್ಣುಮಗಳ ಹೆಸರು ಹೇಳಬೇಕು. ಬ್ರಿಜೆಟ್ ಡ್ರಿಸ್ಕಾಲ್. ನಲವತ್ತು ದಾಟಿದ ಗೃಹಿಣಿ. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣಕ್ಕೆ ಹರೆಯದ ಮಗಳನ್ನೂ ಒಬ್ಬ ಗೆಳತಿಯನ್ನೂ ಕರೆದುಕೊಂಡು ಬಂದಿದ್ದಳು. ಅಲ್ಲಿ ಹೊಸದಾಗಿ ಬಂದ ಮೋಟಾರು ಗಾಡಿಗಳ ಪ್ರದರ್ಶನ ನಡೆದಿತ್ತು, ಜನರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತಿದ್ದರು. ಅಂಥ ಒಂದು ಗಾಡಿ ಬಂದು ಬ್ರಿಜೆಟ್‌ಗೆ ಬಡಿಯಿತು. ಬ್ರಿಟನ್ನಿನಲ್ಲಿ ಕಾರಿಗೆ ಸಿಕ್ಕಿ ಸತ್ತ ಮೊದಲ ಪಾದಚಾರಿ ಆಕೆ. ವಿಚಾರಣೆಯಲ್ಲಿ ಅದು ಆಕಸ್ಮಿಕ ಸಾವು ಎಂದು ತೀರ್ಪಾಯಿತು. ಇಂಥದ್ದು ಇನ್ನೆಂದೂ ಆಗದಿರಲಿ ಎಂದು ವಿಚಾರಣಾಧಿಕಾರಿ ಹಾರೈಸಿದರು ಎನ್ನುತ್ತಾರೆ. ಆಗ ಅದೇ ಲಂಡನ್ನಿನಲ್ಲಿ ಲೆಸ್ಲಿ ಎಂಬ ಮಗುವಿಗೆ ಮೂರು ವರ್ಷವೂ ತುಂಬಿರಲಿಲ್ಲ.

ಹುಟ್ಟಿದ್ದು 1893ರ ಸೆಪ್ಟೆಂಬರ್ 7ರಂದು, ಒಂದು ಯಹೂದಿ ಮನೆತನದಲ್ಲಿ. ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ತಂದೆ ಜೇಕಬ್ ಐಸಾಕ್ ಬೆಲಿಷಾ ತೀರಿಕೊಂಡರು. ತಾಯಿ ಎಲಿಜಬೆತ್ ಒಬ್ಬರೇ ಮಗನನ್ನು ಬೆಳೆಸಿದರು. ಮಗ ಕೊನೆಯವರೆಗೂ ತಾಯಿಯನ್ನು ಬಹಳ ಹಚ್ಚಿಕೊಂಡಿದ್ದ ಎನ್ನುತ್ತಾರೆ ಅವರ ಜೀವನ ಬಲ್ಲವರು. 1912ರಲ್ಲಿ ತಾಯಿ ಅಡೇರ್ ಹೋರ್ ಎಂಬ ಸರ್ಕಾರಿ ಅಧಿಕಾರಿಯನ್ನು ಮದುವೆಯಾದರು. ಮಗ ಮಲತಂದೆಯ ಹೆಸರನ್ನೂ ಸೇರಿಸಿಕೊಂಡು ಹೋರ್-ಬೆಲಿಷಾ ಆದ. ಹುಟ್ಟಿಸಿದ ತಂದೆಯ ಹೆಸರು ಬಿಡಲಿಲ್ಲ, ಸಾಕಿದವರ ಹೆಸರನ್ನೂ ಬಿಡಲಿಲ್ಲ. ಓದಿದ್ದು ಕ್ಲಿಫ್ಟನ್ ಶಾಲೆ, ಸ್ವಲ್ಪ ಕಾಲ ಪ್ಯಾರಿಸ್, ಹೈಡೆಲ್‌ಬರ್ಗ್, ಆಮೇಲೆ ಆಕ್ಸ್‌ಫರ್ಡ್. ನಡುವೆ ಮೊದಲ ಮಹಾಯುದ್ಧ ಬಂತು. ಫ್ರಾನ್ಸಿನಲ್ಲೂ ಸಲೋನಿಕಾದಲ್ಲೂ ಸೈನ್ಯಕ್ಕೆ ಸಾಮಾನು ಸರಂಜಾಮು ಪೂರೈಸುವ ದಳದಲ್ಲಿ ದುಡಿದು ಮೇಜರ್ ಆಗಿ ಮರಳಿದರು. ಆಕ್ಸ್‌ಫರ್ಡ್‌ನ ಪ್ರಸಿದ್ಧ ಚರ್ಚಾಕೂಟಕ್ಕೆ ಯುದ್ಧಾನಂತರದ ಮೊದಲ ಅಧ್ಯಕ್ಷರು ಅವರೇ. 1922ರಲ್ಲಿ ಡೆವನ್‌ಪೋರ್ಟ್ ಕ್ಷೇತ್ರದಿಂದ ಸಂಸತ್ತಿಗೆ ನಿಂತು ಸೋತರು, ಮರುವರ್ಷ ಮತ್ತೆ ನಿಂತು ಗೆದ್ದರು. ಆಮೇಲೆ 1945ರವರೆಗೆ ಆ ಊರು ಅವರ ಕೈಬಿಡಲಿಲ್ಲ.

1934ರ ಜೂನ್ ಕೊನೆಯಲ್ಲಿ ಸಾರಿಗೆ ಖಾತೆ ಅವರಿಗೆ ಸಿಕ್ಕಿತು. ಅದೇನೂ ದೊಡ್ಡ ಖಾತೆಯಲ್ಲ. ಮುಂದಿನ ಮೆಟ್ಟಿಲಿಗೆ ಕಾಯುವವರನ್ನು ಕೂರಿಸುವ ಕುರ್ಚಿ. ಆ ಕುರ್ಚಿಯ ಮುಂದಿದ್ದ ಲೆಕ್ಕ ಮಾತ್ರ ಭಯ ಹುಟ್ಟಿಸುವಂಥದ್ದು. ಆ ವರ್ಷ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 7,343 ಜನ. ಗಾಯಗೊಂಡವರು 2 ಲಕ್ಷ 31 ಸಾವಿರಕ್ಕೂ ಹೆಚ್ಚು. ಇಡೀ ದೇಶದಲ್ಲಿ ಆಗ ಇದ್ದ ವಾಹನಗಳು ಸುಮಾರು 24 ಲಕ್ಷ. ನಮ್ಮ ಪುಣೆಯೊಂದರಲ್ಲೇ ಈಗ ಅದಕ್ಕಿಂತ ಹೆಚ್ಚು ಗಾಡಿಗಳಿವೆ! ಸತ್ತವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಗಾಡಿಯಲ್ಲಿ ಕೂತವರೇ ಅಲ್ಲ, ಬೀದಿಯಲ್ಲಿ ನಡೆಯುತ್ತಿದ್ದವರು. ಅವರಲ್ಲಿ ಮಕ್ಕಳು, ವಯಸ್ಸಾದವರು ಬಹಳ.

ಇಷ್ಟೊಂದು ಸಾವು ಯಾಕೆ? ಆಗಿನ ಸ್ಥಿತಿ ಕೇಳಿದರೆ ಆಶ್ಚರ್ಯವಾಗುತ್ತದೆ. 1903ರ ಕಾನೂನು ಗಂಟೆಗೆ 20 ಮೈಲಿ ಎಂಬ ವೇಗಮಿತಿ ಇಟ್ಟಿತ್ತು. ಯಾರೂ ಪಾಲಿಸುವುದಿಲ್ಲ ಎಂಬ ಕಾರಣಕ್ಕೆ 1930ರಲ್ಲಿ ಕಾರುಗಳಿಗೆ ಅದನ್ನು ಪೂರ್ತಿ ತೆಗೆದೇ ಹಾಕಿದರು. ಊರಿನ ನಡುವೆಯೂ ಎಷ್ಟು ಬೇಕಾದರೂ ಜೋರಾಗಿ ಓಡಿಸಬಹುದಿತ್ತು. ಲೈಸೆನ್ಸಿಗೆ ಪರೀಕ್ಷೆ ಇರಲಿಲ್ಲ, ಹಣ ಕಟ್ಟಿ ನನ್ನ ಆರೋಗ್ಯ ಚೆನ್ನಾಗಿದೆ ಎಂದು ಬರೆದುಕೊಟ್ಟರೆ ಸಾಕು. ರಸ್ತೆ ದಾಟಲು ಗುರುತಿಸಿದ ಜಾಗ ಎಂಬುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ನಡೆಯುವವರೇ ನೋಡಿಕೊಂಡು ನಡೆಯಬೇಕು, ಸತ್ತರೆ ಅವರ ಅಜಾಗರೂಕತೆ. ಇದನ್ನು ವಿರೋಧಿಸಿ ಪಾದಚಾರಿಗಳ ಸಂಘವೊಂದು 1929ರಲ್ಲಿ ಹುಟ್ಟಿಕೊಂಡಿತ್ತು. ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಲಾರ್ಡ್ ಸೆಸಿಲ್ ಅದರ ಮುಖವಾಗಿದ್ದರು. ಇನ್ನೊಂದು ಕಡೆ ಕಾರು ಇಟ್ಟುಕೊಂಡವರ ಸಂಘ ಇನ್ನೂ ಹಳೆಯದು, 1905ರದು. ಅದರ ಆರಂಭದ ಕೆಲಸವೇನು ಗೊತ್ತೇ? ಮುಂದೆ ಪೊಲೀಸರು ವೇಗ ಅಳೆಯಲು ಅಡಗಿ ಕೂತಿದ್ದಾರೆ ಎಂದು ಸದಸ್ಯರಿಗೆ ಸೈಕಲ್ ಸವಾರರ ಮೂಲಕ ಎಚ್ಚರಿಸುವುದು. ಇವತ್ತು ನಾವು ಹೆಲ್ಮೆಟ್ ಚೆಕಿಂಗ್ ಇದೆ ಎಂದು ಎದುರಿನವರಿಗೆ ಹೆಡ್‌ಲೈಟ್ ಮಿಣುಕಿಸುತ್ತೇವಲ್ಲ, ಹಾಗೆಯೇ.

ವೇಗಮಿತಿ ಮತ್ತೆ ತರುವ ಮಸೂದೆ ಆ ವರ್ಷ ಸಂಸತ್ತಿಗೆ ಬಂದಾಗ ನಡೆದ ಚರ್ಚೆಯಲ್ಲಿ ಮೂರ್-ಬ್ರಬಝಾನ್ ಎಂಬ ಸದಸ್ಯರು ಆಡಿದ ವಾದವನ್ನು ಸಾರಾಂಶವಾಗಿ ಹೇಳುತ್ತೇನೆ. ವರ್ಷಕ್ಕೆ ಏಳು ಸಾವಿರ ಜನ ರಸ್ತೆಯಲ್ಲಿ ಸಾಯುತ್ತಾರೆ ಎಂದು ಇಷ್ಟು ಗಲಾಟೆ ಮಾಡುತ್ತೀರಿ, ಆರು ಸಾವಿರ ಜನ ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ, ಅದಕ್ಕೆ ಯಾರೂ ಮಾತಾಡುವುದಿಲ್ಲವಲ್ಲ ಎಂಬುದು ಒಂದು. ಮೊದಮೊದಲು ಕಾರುಗಳಿಗೆ ಕೋಳಿಗಳು ಬಹಳ ಸಿಗುತ್ತಿದ್ದವು, ಈಗ ಅವು ಕಲಿತುಕೊಂಡಿವೆ, ಮನುಷ್ಯರೂ ಕಲಿಯುತ್ತಾರೆ ಎಂಬುದು ಇನ್ನೊಂದು. ಈ ಮಹಾಶಯರು ಬ್ರಿಟನ್ನಿನ ಮೊದಲ ನಂಬರಿನ ವಿಮಾನ ಚಾಲನಾ ಲೈಸೆನ್ಸ್ ಪಡೆದ ಧೈರ್ಯಶಾಲಿ, ದಡ್ಡರೇನಲ್ಲ. 1940ರಲ್ಲಿ ಅವರೇ ಸಾರಿಗೆ ಮಂತ್ರಿಯಾದರು ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಚಹಾ ಮಾಡಿಕೊಂಡೆ.

ಆ ಮಸೂದೆಯನ್ನು ತಂದವರು ಬೆಲಿಷಾ ಅಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಅವರಿಗಿಂತ ಮೊದಲಿದ್ದ ಮಂತ್ರಿ ಆಲಿವರ್ ಸ್ಟ್ಯಾನ್ಲಿ ಅದನ್ನು ಮಂಡಿಸಿದ್ದರು. ಬೆಲಿಷಾ ಬಂದು ಒಂದು ತಿಂಗಳಲ್ಲಿ, ಜುಲೈ 31ರಂದು, ಅದು ಕಾನೂನಾಯಿತು. ಆದರೆ ಕಾನೂನು ಪುಸ್ತಕದಲ್ಲಿ ಕೂರುವುದಕ್ಕೂ ಬೀದಿಗೆ ಇಳಿಯುವುದಕ್ಕೂ ಎಷ್ಟು ದೂರ ಎಂಬುದು ನಮಗೆ ಗೊತ್ತೇ ಇದೆ. ಬೀದಿಗೆ ಇಳಿಸಿದವರು ಬೆಲಿಷಾ.

ಮಂತ್ರಿಯಾದ ಹೊಸದರಲ್ಲಿ ಅವರು ಲಂಡನ್ನಿನ ಕ್ಯಾಮ್ಡೆನ್ ಹೈ ಸ್ಟ್ರೀಟಿಗೆ ಹೋದರು. ಅಲ್ಲಿ ಪ್ರಯೋಗಕ್ಕೆಂದು ದಾಟುವ ಜಾಗ ಗುರುತಿಸಿದ್ದರು. ಪತ್ರಿಕೆಯವರ ಮುಂದೆ ಮಂತ್ರಿಗಳು ತಾವೇ ನಡೆದು ತೋರಿಸಲು ರಸ್ತೆಗೆ ಇಳಿದರು. ಅಷ್ಟರಲ್ಲಿ ಒಂದು ಸ್ಪೋರ್ಟ್ಸ್ ಕಾರು ನಿಲ್ಲಿಸದೆ ನುಗ್ಗಿ ಬಂತು. ಕೂದಲೆಳೆಯಲ್ಲಿ ಮಂತ್ರಿಗಳ ಜೀವ ಉಳಿಯಿತು. ಮರುದಿನ ಎಲ್ಲ ಕಡೆ ಅದೇ ಸುದ್ದಿ. ಬೇರೆಯವರಾಗಿದ್ದರೆ ಆ ಚಾಲಕನನ್ನು ಹಿಡಿದು ಶಿಕ್ಷಿಸಿ ಎಂದು ಅಷ್ಟಕ್ಕೇ ಮುಗಿಸುತ್ತಿದ್ದರೇನೋ. ನನಗೆ ಮುಖ್ಯವಾಗಿ ಕಂಡಿದ್ದು ಆಮೇಲೆ ನಡೆದದ್ದು. ನೆಲದ ಮೇಲಿನ ಗುರುತು ಕಾಲಡಿಯಲ್ಲಿರುವವರಿಗೆ ಕಾಣುತ್ತದೆ, ದೂರದಿಂದ ವೇಗವಾಗಿ ಬರುವ ಚಾಲಕನಿಗೆ ಕಾಣುವುದಿಲ್ಲ. ಹಾಗಾದರೆ ಅವನ ಕಣ್ಣಿಗೆ ಬೀಳುವ ಎತ್ತರದಲ್ಲಿ ಏನಾದರೂ ಬೇಕು.

ಹೀಗೆ ಬಂದದ್ದು ಆ ಕಂಬ. ಮೈತುಂಬ ಕಪ್ಪು ಬಿಳಿ ಪಟ್ಟೆ, ನೆತ್ತಿಯ ಮೇಲೆ ದೊಡ್ಡ ಕಿತ್ತಳೆ ಬಣ್ಣದ ಗಾಜಿನ ಗೋಲ. ರಸ್ತೆಯ ಆಚೆಗೊಂದು, ಈಚೆಗೊಂದು. ನಡುವೆ ಡಾಂಬರಿನಲ್ಲಿ ಹೂತ ಲೋಹದ ಗುಬ್ಬಿಗಳ ಎರಡು ಸಾಲು. ಆ ಸಾಲುಗಳ ನಡುವೆ ನಡೆಯುವವರಿಗೆ ಮೊದಲ ಹಕ್ಕು, ಗಾಡಿಯವರು ದಾರಿ ಕೊಡಬೇಕು. 1934ರ ಶರತ್ಕಾಲಕ್ಕೆ ಲಂಡನ್ನಿನ ತುಂಬ ಈ ಕಂಬಗಳು ಎದ್ದವು, ಆಮೇಲೆ ಬೇರೆ ಊರುಗಳಿಗೂ ಹರಡಿದವು. ಜನರೇ ಅದಕ್ಕೆ ಬೆಲಿಷಾ ಬೀಕನ್ ಎಂದು ಹೆಸರಿಟ್ಟರು.

ಗೇಲಿಯೂ ಬಹಳವಾಯಿತು. ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರ, ಹಾಸ್ಯ ನಾಟಕಗಳಲ್ಲಿ ಹಾಡು. ಪ್ರಚಾರ ಪ್ರಿಯ ಮಂತ್ರಿ ಊರೆಲ್ಲ ತನ್ನದೇ ಕಿತ್ತಳೆ ಹಣ್ಣು ನೆಟ್ಟಿದ್ದಾನೆ ಎಂಬ ಧಾಟಿ. ಪ್ರಚಾರ ಪ್ರಿಯರು ಹೌದೇ ಹೌದು, ಕ್ಯಾಮೆರಾ ಇದ್ದ ಕಡೆ ಬೆಲಿಷಾ ಇರುತ್ತಿದ್ದರು. ನನಗೇನೋ ಅದು ದೋಷ ಅನ್ನಿಸಲಿಲ್ಲ. ಹೊಸ ರಸ್ತೆ ನಿಯಮವನ್ನು ನಾಲ್ಕೂವರೆ ಕೋಟಿ ಜನರಿಗೆ ಕಲಿಸಬೇಕಾದರೆ ಮೌನಿಯಾದ ಮಂತ್ರಿಯಿಂದ ಆಗುವ ಕೆಲಸವೇ? ಇನ್ನು ಗಾಜಿನ ಗೋಲ ಕಂಡರೆ ಪೋಕರಿ ಹುಡುಗರ ಕೈ ಸುಮ್ಮನಿರುತ್ತದೆಯೇ! ಕಲ್ಲು ಹೊಡೆದು ಒಡೆದರು, ಏರ್‌ಗನ್ನಿಗೆ ಗುರಿ ಮಾಡಿಕೊಂಡರು. ಕೊನೆಗೆ ಗಾಜು ಹೋಗಿ ಲೋಹದ ಗೋಲ ಬಂತು. ಎಷ್ಟೋ ಕಾಲದ ನಂತರ ಪ್ಲಾಸ್ಟಿಕ್ ಬಂತು.

1935ರ ಮಾರ್ಚ್ 18ರಿಂದ ಊರೊಳಗಿನ ರಸ್ತೆಗಳಲ್ಲಿ ಗಂಟೆಗೆ 30 ಮೈಲಿ, ಅಂದರೆ 48 ಕಿಲೋಮೀಟರ್ ಮಿತಿ ಜಾರಿಗೆ ಬಂತು. ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿವರ ಇದೆ. ಊರೊಳಗೆ ಎಂದರೆ ಎಲ್ಲಿಂದ ಎಲ್ಲಿಗೆ? ಪ್ರತಿ ಬೀದಿಗೂ ಫಲಕ ಹಾಕುತ್ತಾ ಹೋದರೆ ಮುಗಿಯುವ ಕೆಲಸವಲ್ಲ. ಕಾನೂನು ಬರೆದವರು ಹೀಗೆ ಮಾಡಿದರು: ಎಲ್ಲಿ ಬೀದಿ ದೀಪಗಳು ಒಂದಕ್ಕೊಂದು 200 ಗಜಕ್ಕಿಂತ ಹತ್ತಿರ ಇವೆಯೋ ಅದೆಲ್ಲ ಊರೊಳಗೆ. ದೀಪದ ಕಂಬ ಕಂಡರೆ ಕಾಲು ಬ್ರೇಕಿನ ಮೇಲೆ. ಇದ್ದ ವಸ್ತುವಿಗೇ ಹೊಸ ಅರ್ಥ ಕೊಟ್ಟರು, ಖರ್ಚಿಲ್ಲ, ಗೊಂದಲವಿಲ್ಲ. ಕೋಡ್ ಬರೆಯುವವರು ಇಂಥ ಉಪಾಯ ಕಂಡರೆ ಚಪ್ಪಾಳೆ ತಟ್ಟುತ್ತೇವೆ. ಬ್ರಿಟನ್ನಿನಲ್ಲಿ ಆ ನಿಯಮದ ತಿರುಳು ಇಂದಿಗೂ ಉಳಿದಿದೆ.

ಬರೀ 30 ಮೈಲಿಗೆ ಇಷ್ಟು ಹೋರಾಟವೇ ಎನ್ನಬಹುದು. ನಾವು ಪಿಯುಸಿಯಲ್ಲಿ ಓದಿದ ಸೂತ್ರ ನೆನಪಿಸಿಕೊಳ್ಳಿ. ವೇಗ ಎರಡು ಪಟ್ಟಾದರೆ ಗುದ್ದಿನ ಶಕ್ತಿ ನಾಲ್ಕು ಪಟ್ಟು. ಕಾರಿನೊಳಗೆ ಕೂತವರಿಗೆ ಸೀಟು, ಬೆಲ್ಟು, ಗಾಳಿಚೀಲ ಎಲ್ಲ ಬಂದವು. ಹೊರಗೆ ನಡೆಯುವವರಿಗೆ ಇರುವುದು ಅದೇ ಹಳೆಯ ಚರ್ಮ, ಅದೇ ಮೂಳೆ. ಅವರಿಗೆ ಸಿಗಬಹುದಾದ ಒಂದೇ ರಕ್ಷಣೆ ಎಂದರೆ ಬರುವ ಗಾಡಿ ನಿಧಾನವಾಗಿ ಬರುವುದು. ಈಗ ವಿಶ್ವ ಆರೋಗ್ಯ ಸಂಸ್ಥೆ ಜನ ನಡೆಯುವ ಬೀದಿಗಳಲ್ಲಿ ಗಂಟೆಗೆ 30 ಕಿಲೋಮೀಟರ್ ಸಾಕು ಎನ್ನುತ್ತದೆ. ಬೆಲಿಷಾ ಕಾಲದ ಮಿತಿಗಿಂತಲೂ ಕಡಿಮೆ.

ಅದೇ ವರ್ಷದ ಜೂನ್ 1ರಿಂದ ಚಾಲನಾ ಪರೀಕ್ಷೆ ಕಡ್ಡಾಯವಾಯಿತು. ಒಮ್ಮೆಲೇ ನೂಕುನುಗ್ಗಲಾಗದಿರಲಿ ಎಂದು ಮಾರ್ಚಿನಿಂದಲೇ ಇಷ್ಟವಿದ್ದವರು ಬರಲಿ ಎಂದು ಬಾಗಿಲು ತೆರೆದಿದ್ದರು. 1934ರ ಏಪ್ರಿಲ್ 1ರ ನಂತರ ಓಡಿಸಲು ಆರಂಭಿಸಿದವರಿಗೆ ಮಾತ್ರ ಪರೀಕ್ಷೆ, ಹಳಬರಿಗೆ ಮಾಫಿ. ಶುಲ್ಕ ಏಳು ಶಿಲಿಂಗ್ ಆರು ಪೆನ್ಸ್. ಪರೀಕ್ಷಾ ಕೇಂದ್ರಗಳೇ ಇಲ್ಲದ್ದರಿಂದ ಪರೀಕ್ಷಕರು ರೈಲ್ವೆ ಸ್ಟೇಷನ್ ಮುಂದೆಯೋ ಪಾರ್ಕಿನ ಪಕ್ಕದಲ್ಲೋ ಕಾಯುತ್ತಿದ್ದರು, ಅಭ್ಯರ್ಥಿ ಅಲ್ಲಿಗೇ ಕಾರು ತರಬೇಕು. ಮೊದಲ ವರ್ಷಗಳಲ್ಲಿ ನೂರಕ್ಕೆ 63 ಜನ ಪಾಸಾದರಂತೆ. ಕಲಿಯುವವರ ಕಾರಿಗೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್ ಅಕ್ಷರ ಕಟ್ಟುವ ಪದ್ಧತಿಯೂ ಆಗ ಶುರುವಾದದ್ದೇ. ನಾನು ಡ್ರೈವಿಂಗ್ ಕಲಿಯುವಾಗ ನನ್ನ ಸ್ಕೂಟರಿಗೆ ಅಂಟಿಸಿದ ಕೆಂಪು ಎಲ್ ಅಲ್ಲಿಂದ ನಡೆದು ಬಂದ ಅಕ್ಷರ.

ಹಾರನ್ ಕಥೆಯನ್ನು ಬಿಟ್ಟರೆ ನನ್ನ ಗೆಳತಿಯರು ಕ್ಷಮಿಸಲಾರರು. ಬೆಲಿಷಾ ಮಂತ್ರಿಯಾದ ಎರಡು ತಿಂಗಳೊಳಗೆ ಲಂಡನ್ನಿನಲ್ಲಿ ರಾತ್ರಿ 11.30ರಿಂದ ಬೆಳಗ್ಗೆ 7ರವರೆಗೆ ಹಾರನ್ ಬಾರಿಸುವುದನ್ನು ನಿಷೇಧಿಸಿದರು, ಸ್ವಲ್ಪ ದಿನಕ್ಕೆ ಎಲ್ಲ ಊರುಗಳಿಗೂ ಅದನ್ನು ವಿಸ್ತರಿಸಿದರು. ಜನರಿಗೆ ನಿದ್ದೆ ಸಿಗಲಿ ಎಂಬುದು ಒಂದು ಕಾರಣ. ಅದರ ಇನ್ನೊಂದು ಫಲವನ್ನು ಗಮನಿಸಿ. ಹಾರನ್ ಇರುವತನಕ ಚಾಲಕ ತಾನು ಶಬ್ದ ಮಾಡಿದೆ, ಸರಿಯುವುದು ಎದುರಿನವರ ಕೆಲಸ ಎಂದುಕೊಳ್ಳುತ್ತಾನೆ. ಹಾರನ್ ಕಸಿದುಕೊಂಡರೆ ಅವನೇ ನೋಡಬೇಕು, ಅವನೇ ನಿಧಾನಿಸಬೇಕು. 11.30ರಿಂದ 7ರ ಆ ನಿಯಮ ಇಂದಿಗೂ ಅಲ್ಲಿದೆ.

ಎಲ್ಲವೂ ಸುಸೂತ್ರವಾಯಿತು ಎಂದಲ್ಲ. 1934ರ ಡಿಸೆಂಬರಿನಲ್ಲಿ ಲಂಡನ್ನಿನ ಪಶ್ಚಿಮಕ್ಕೆ ಹೋಗುವ ವೆಸ್ಟರ್ನ್ ಅವೆನ್ಯೂ ಪಕ್ಕದಲ್ಲಿ ಸೈಕಲ್ಲುಗಳಿಗೇ ಪ್ರತ್ಯೇಕ ದಾರಿಯನ್ನು ಬೆಲಿಷಾ ಉದ್ಘಾಟಿಸಿದರು. ವಿರೋಧಿಸಿದವರು ಸೈಕಲ್ ಸವಾರರ ಸಂಘದವರೇ. ಇವತ್ತು ಪಕ್ಕದ ಸಂದಿಗೆ ಕಳಿಸುತ್ತೀರಿ, ನಾಳೆ ಮುಖ್ಯರಸ್ತೆಯಿಂದಲೇ ಓಡಿಸುತ್ತೀರಿ ಎಂಬ ಅನುಮಾನ ಅವರದು. ಅನುಮಾನಕ್ಕೆ ಅರ್ಥವಿಲ್ಲದೆ ಇರಲಿಲ್ಲ. ನಡೆಯುವವರಿಗೆಂದು ಸ್ಕೈವಾಕ್ ಕಟ್ಟಿ, ಎಂಟು ಹೆಜ್ಜೆಯ ರಸ್ತೆಗೆ ನಲವತ್ತು ಮೆಟ್ಟಿಲು ಹತ್ತಿಸುವುದನ್ನು ನಾವು ಮುಂಬೈ ಪುಣೆಗಳಲ್ಲಿ ದಿನವೂ ನೋಡುತ್ತೇವೆ. ಮಂಡಿನೋವಿನವರು ಕೆಳಗೇ ದಾಟುತ್ತಾರೆ, ಬೈಸಿಕೊಳ್ಳುತ್ತಾರೆ.

ಧಾರವಾಡದಲ್ಲಿ ಒಬ್ಬರೇ ಸೂಪರ್ ಮಾರ್ಕೆಟ್ಟಿಗೆ ಹೋಗಿ ಚೌಕಾಸಿ ಮಾಡಿ ಬರುತ್ತಿದ್ದ ನಮ್ಮ ಅತ್ತೆಯವರು ಪುಣೆಗೆ ಬಂದ ಮೇಲೆ ಎದುರಿನ ಗಣಪತಿ ಗುಡಿಗೆ ಹೋಗುವುದನ್ನೂ ಬಿಟ್ಟಿದ್ದಾರೆ. ಗುಡಿ ನಮ್ಮ ಸೊಸೈಟಿಯ ಗೇಟಿನಿಂದ ಕಾಣುತ್ತದೆ, ಗಂಟೆ ಕೇಳುತ್ತದೆ. ನಡುವೆ ನಾಲ್ಕು ಲೇನಿನ ರಸ್ತೆ, ಅದರ ಮೇಲೆ ಅಳಿಸಿಹೋದ ಜೀಬ್ರಾ ಪಟ್ಟೆ. ಸಂಕಷ್ಟಿಯ ದಿನ ನಾನೋ ನಮ್ಮವರೋ ಆಫೀಸಿನಿಂದ ಬರುವವರೆಗೆ ಅವರು ಹೂವಿನ ಬುಟ್ಟಿ ಇಟ್ಟುಕೊಂಡು ಬಾಲ್ಕನಿಯಲ್ಲಿ ಕಾಯುತ್ತಾರೆ. ಅಪಘಾತದ ಯಾವ ಪಟ್ಟಿಯಲ್ಲೂ ಇದು ಸೇರುವುದಿಲ್ಲ, ಯಾಕೆಂದರೆ ಅಪಘಾತವೇ ಆಗಿಲ್ಲ. ಆದವರ ಪಟ್ಟಿಯೇನೂ ಸಣ್ಣದಲ್ಲ. 2022ರ ಒಂದೇ ವರ್ಷ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂಬುದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು.

ಬೆಲಿಷಾ ಅವರ ಲೆಕ್ಕಕ್ಕೆ ಮರಳೋಣ. 7,343 ಇದ್ದ ಸಾವು 1935ರಲ್ಲಿ 6,502ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಎಂಟುನೂರಕ್ಕೂ ಹೆಚ್ಚು ಜನ ಮನೆಗೆ ಮರಳಿದರು. ಅದೂ ಹೊಸ ಹೊಸ ಕಾರುಗಳು ರಸ್ತೆಗೆ ಇಳಿಯುತ್ತಲೇ ಇದ್ದಾಗ. ಮುಂದಿನ ವರ್ಷ 6,561, ಅದರ ಮುಂದಿನ ವರ್ಷ 6,633. ಮತ್ತೆ ಮೆಲ್ಲಗೆ ಏರಿತು ನಿಜ, ಆದರೆ ಯುದ್ಧ ಬರುವವರೆಗೆ 1934ರ ಎತ್ತರಕ್ಕೆ ಹೋಗಲಿಲ್ಲ. ಇದರಲ್ಲಿ ಕಂಬದ ಪಾಲೆಷ್ಟು, ವೇಗಮಿತಿಯ ಪಾಲೆಷ್ಟು, ಪರೀಕ್ಷೆಯ ಪಾಲೆಷ್ಟು ಎಂದು ಬಿಡಿಸಲಾಗದು. ನನ್ನನ್ನು ಕೇಳಿದರೆ ದೊಡ್ಡ ಪಾಲು ವೇಗಮಿತಿಯದೇ, ಹೆಸರು ಮಾತ್ರ ಕಂಬಕ್ಕೆ ಬಂತು.

1937ರಲ್ಲಿ ಪ್ರಧಾನಿ ಚೇಂಬರ್ಲಿನ್ ಅವರನ್ನು ಯುದ್ಧ ಖಾತೆಗೆ ಎತ್ತಿಕೊಂಡರು. ಅಲ್ಲಿಯೂ ಬೆಲಿಷಾ ಹಾಗೆಯೇ. ಸಾಮಾನ್ಯ ಸೈನಿಕರ ವಸತಿ, ಊಟ, ಬಡ್ತಿ ಸುಧಾರಿಸಲು ಹೊರಟರು, ಹಳೆಯ ಸೇನಾಪತಿಗಳನ್ನು ಮನೆಗೆ ಕಳಿಸಿದರು. ಸೇನೆಯ ಮೇಲಂತಸ್ತಿನವರಿಗೆ ಇದು ಹಿಡಿಸಲಿಲ್ಲ. ಅವರು ಯಹೂದಿ ಎಂಬುದು ಎಲ್ಲದರ ಅಡಿಯಲ್ಲಿ ಹರಿಯುತ್ತಿದ್ದ ವಿಷ. ಸೈನ್ಯದಲ್ಲಿ ಅವರ ಮೇಲೆ ಕೊಳಕು ಹಾಡುಗಳನ್ನೂ ಕಟ್ಟಿದ್ದರು. 1940ರ ಜನವರಿಯಲ್ಲಿ ಅವರನ್ನು ತೆಗೆದರು. ಮಾಹಿತಿ ಖಾತೆ ಕೊಡಬಹುದಿತ್ತು, ಆದರೆ ಯಹೂದಿಯನ್ನು ಅಲ್ಲಿ ಕೂರಿಸಿದರೆ ಹೊರದೇಶಗಳಲ್ಲಿ ಚೆನ್ನಾಗಿರದು ಎಂದು ವಿದೇಶಾಂಗ ಮಂತ್ರಿ ಅಡ್ಡ ಬಂದರು. ವಾಣಿಜ್ಯ ಖಾತೆ ಕೊಡುತ್ತೇವೆ ಎಂದಾಗ ಬೆಲಿಷಾ ಬೇಡವೆಂದು ಎದ್ದು ಬಂದರು. ಹಿಟ್ಲರನ ವಿರುದ್ಧ ಯುದ್ಧ ಮಾಡುತ್ತಿದ್ದ ಸರ್ಕಾರದೊಳಗೆ ನಡೆದ ಮಾತು ಇದು. ವಯಸ್ಸು ಆಗ ನಲವತ್ತಾರು. ಅವರ ರಾಜಕೀಯ ಅಲ್ಲಿಂದ ಮೇಲೇಳಲಿಲ್ಲ.

ಯುದ್ಧ ಶುರುವಾದೊಡನೆ ಬಾಂಬ್ ದಾಳಿಯ ಹೆದರಿಕೆಯಿಂದ ದೇಶದ ದೀಪಗಳನ್ನೆಲ್ಲ ಆರಿಸಿದರು. ಕಾರುಗಳ ಹೆಡ್‌ಲೈಟಿಗೆ ಮುಸುಕು, ಬೀದಿ ಪೂರ್ತಿ ಕತ್ತಲೆ. ಕಿತ್ತಳೆ ಗೋಲಗಳು ಇದ್ದೂ ಇಲ್ಲದಂತಾದವು. ಪೆಟ್ರೋಲ್ ರೇಷನ್ ಆಗಿ ಗಾಡಿಗಳು ಕಡಿಮೆಯಾಗಿದ್ದರೂ 1941ರಲ್ಲಿ ರಸ್ತೆಯಲ್ಲಿ ಸತ್ತವರು 9,169. ಬೀದಿಯಂಚಿನ ಕಲ್ಲುಗಳಿಗೂ ಮರಗಳಿಗೂ ಬಿಳಿ ಸುಣ್ಣ ಬಳಿದರು, ರಾತ್ರಿ ವೇಗಮಿತಿಯನ್ನು 20 ಮೈಲಿಗೆ ಇಳಿಸಿದರು. ನಡೆಯುವವರು ಬದುಕುವುದು ಕಾಣಿಸಿಕೊಂಡರೆ ಮಾತ್ರ ಎಂಬುದಕ್ಕೆ ಇದಕ್ಕಿಂತ ಕೆಟ್ಟ ಪ್ರಯೋಗ ಯಾರೂ ಬೇಕೆಂದು ಮಾಡಲಾರರು.

ಯುದ್ಧ ಮುಗಿದಾಗ ಇನ್ನೊಂದು ಸತ್ಯ ಎದುರಾಯಿತು. ಕಂಬಗಳು ಅತಿಯಾಗಿದ್ದವು, ಚಾಲಕರು ಗಮನಿಸುವುದನ್ನು ಬಿಟ್ಟಿದ್ದರು. ಲೋಹದ ಗುಬ್ಬಿಗಳು ದೂರದಿಂದ ಕಾಣುತ್ತಿರಲಿಲ್ಲ. ಸರ್ಕಾರಿ ರಸ್ತೆ ಸಂಶೋಧನಾಲಯದವರು ಮೊದಲು ಸಣ್ಣ ಮಾದರಿಗಳ ಮೇಲೆ ಬೇರೆ ಬೇರೆ ಪಟ್ಟೆ ಎಳೆದು ನೋಡಿದರು. 1949ರಲ್ಲಿ ಸಾವಿರದಷ್ಟು ಜಾಗಗಳಲ್ಲಿ ನಿಜವಾದ ರಸ್ತೆಯ ಮೇಲೆ ಪ್ರಯೋಗವಾಯಿತು. ನೀಲಿ ಹಳದಿ, ಕೆಂಪು ಬಿಳಿ ಪಟ್ಟೆಗಳನ್ನೂ ನೋಡಿದರು. ಗೆದ್ದದ್ದು ಅಗಲವಾದ ಕಪ್ಪು ಬಿಳಿ. 1951ರ ಅಕ್ಟೋಬರ್ 31ರಿಂದ ಅದು ಕಾನೂನಾಯಿತು. ಅದೇ ಜೀಬ್ರಾ ಕ್ರಾಸಿಂಗ್. ದಾಟುವ ಜಾಗಗಳ ಸಂಖ್ಯೆಯನ್ನು ಬಹಳ ಕಡಿಮೆ ಮಾಡಿ, ಉಳಿಸಿಕೊಂಡವನ್ನು ಚೆನ್ನಾಗಿ ಕಾಣುವಂತೆ ಮಾಡಿದರು. ಬೆಲಿಷಾ ಕಂಬವನ್ನು ಕೀಳಲಿಲ್ಲ, ಗೋಲದೊಳಗೆ ಮಿನುಗುವ ದೀಪ ಇಟ್ಟರು. ನೆಲದ ಮೇಲೆ ಪಟ್ಟೆ, ಮೇಲೆ ದೀಪ, ಜೊತೆಗೆ ದಾರಿ ಕೊಡಲೇಬೇಕೆಂಬ ಕಾನೂನು, ಕೊಡದಿದ್ದರೆ ದಂಡ. ಈ ನಾಲ್ಕರಲ್ಲಿ ನಮ್ಮ ದೇಶಕ್ಕೆ ಪಟ್ಟೆ ಬಂತು. ಕಾನೂನೂ ಪುಸ್ತಕದಲ್ಲಿದೆ, ಜೀಬ್ರಾ ಮೇಲೆ ಪಾದಚಾರಿಗೇ ಮೊದಲ ಹಕ್ಕು ಎಂದು ಸ್ಪಷ್ಟವಾಗಿ ಬರೆದಿದೆ. ಉಳಿದೆರಡು ದಾರಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿವೆ. 2023ರಲ್ಲಿ ಗ್ರೇಟ್ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 1,624. ವಾಹನಗಳು ಈಗ ಅಲ್ಲಿ ನಾಲ್ಕು ಕೋಟಿ ಮುಟ್ಟಿವೆ.

ಬೆಲಿಷಾ 1944ರಲ್ಲಿ, ಐವತ್ತು ದಾಟಿದ ಮೇಲೆ, ಸಿಂಥಿಯಾ ಎಲಿಯಟ್ ಅವರನ್ನು ಮದುವೆಯಾದರು. ಮಕ್ಕಳಾಗಲಿಲ್ಲ. 1945ರ ಚುನಾವಣೆಯಲ್ಲಿ ಡೆವನ್‌ಪೋರ್ಟಿನಲ್ಲಿ ಅವರನ್ನು ಸೋಲಿಸಿದವರು ಮೈಕೆಲ್ ಫುಟ್, ಮುಂದೆ ಲೇಬರ್ ಪಕ್ಷದ ನಾಯಕರಾದವರು. 1954ರಲ್ಲಿ ಲಾರ್ಡ್ ಪದವಿ ಸಿಕ್ಕಿ ಮೇಲ್ಮನೆಗೆ ಹೋದರು. 1957ರ ಫೆಬ್ರವರಿ 16ರಂದು ಬ್ರಿಟಿಷ್ ಸಂಸದರ ತಂಡದ ಮುಖ್ಯಸ್ಥರಾಗಿ ಫ್ರಾನ್ಸಿನ ರೀಮ್ಸ್ ನಗರಕ್ಕೆ ಹೋಗಿದ್ದರು. ಭಾಷಣ ಮಾಡುತ್ತಿದ್ದಾಗಲೇ ಕುಸಿದು ಬಿದ್ದರು, ಸ್ವಲ್ಪ ಹೊತ್ತಿಗೆ ಪ್ರಾಣ ಹೋಯಿತು. ವಾರಸುದಾರರಿಲ್ಲದ್ದರಿಂದ ಲಾರ್ಡ್ ಪದವಿಯೂ ಅವರೊಂದಿಗೇ ಮುಗಿಯಿತು.

ಲಂಡನ್ನಿಗೆ ಆಫೀಸಿನ ಕೆಲಸಕ್ಕೆಂದು ಹೋಗುವ ನಮ್ಮ ಹುಡುಗ ಹುಡುಗಿಯರೆಲ್ಲ ತಪ್ಪದೆ ಒಂದು ಫೋಟೋ ತೆಗೆಸಿಕೊಂಡು ಬರುತ್ತಾರೆ. ಆಬಿ ರೋಡ್ ಎಂಬ ರಸ್ತೆಯ ಜೀಬ್ರಾ ಕ್ರಾಸಿಂಗ್. 1969ರಲ್ಲಿ ಬೀಟಲ್ಸ್ ತಂಡದ ನಾಲ್ವರು ಸಾಲಾಗಿ ಅದನ್ನು ದಾಟುವ ಚಿತ್ರ ಅವರ ಆಲ್ಬಮ್ಮಿನ ಹೊದಿಕೆಯಾಗಿತ್ತು. 2010ರಲ್ಲಿ ಆ ಪಟ್ಟೆಗಳನ್ನು ಅಲ್ಲಿನ ಸರ್ಕಾರ ಹಳೆಯ ಚರ್ಚು, ಅರಮನೆಗಳಂತೆಯೇ ರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಇನ್ನು ಮೇಲೆ ಯಾರಾದರೂ ಆ ಫೋಟೋ ತೋರಿಸಿದರೆ ಕಾಲುಗಳನ್ನು ಬಿಟ್ಟು ಸ್ವಲ್ಪ ಅಂಚಿಗೆ ನೋಡಿ. ಫೋಟೋ ತೆಗೆದವರು ಕತ್ತರಿಸಿ ಹಾಕಿಲ್ಲದಿದ್ದರೆ ಕಪ್ಪು ಬಿಳಿ ಪಟ್ಟೆಯ ಒಂದು ಕಂಬ, ನೆತ್ತಿಯಲ್ಲಿ ಕಿತ್ತಳೆ ಗೋಲ ಕಾಣುತ್ತದೆ. ಅದರಾಚೆ ಒಂದು ಕಾರೋ ಬಸ್ಸೋ, ಹಾರನ್ ಬಾರಿಸದೆ, ಇವರ ಫೋಟೋ ಮುಗಿಯಲಿ ಎಂದು ಕಾದು ನಿಂತಿರುತ್ತದೆ.